ಕಾಂಪೌಂಡಿನ ಮೇಲಿನ ಲೋಟ
2020ರಲ್ಲಿ ಮಿನಿಯಾಪೊಲಿಸ್‌ನ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದಾಗ ನಾವೆಲ್ಲ ಕೆಂಡಾಮಂಡಲವಾದೆವು; ನಾನೂ ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆದೆ. ನಮ್ಮದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರಲ್ಲಿ ಪುರಸಭೆಯೆದುರು ಮಲ ಹೊರುತ್ತಿದ್ದ ಭಂಗಿ ಸಮುದಾಯದವರು ಪ್ರತಿಭಟಿಸಿ ಮೈಮೇಲೆ ಮಲ ಸುರಿದುಕೊಂಡು ನಿಂತಾಗ ಏನು ಬರೆದಿದ್ದೆ? ಒಂದು ಸಾಲೂ ಇಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲೇ ಸಚಿವ ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದರು. ದೇಶದ ಕಾನೂನು ಬಂದದ್ದು 1993ರಲ್ಲಿ, ಅದು ಸಾಲದೆ 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಮಾತ್ರ ಒಳಪುಟದ ಮೂಲೆಯಲ್ಲಿ ಬರುತ್ತಲೇ ಇದೆ. ಸರ್ಕಾರವನ್ನು ಬೈಯೋಣವೆಂದರೆ (ಅದು ಸುಲಭ, ನನಗೆ ಅಭ್ಯಾಸವೂ ಇದೆ) ನಮ್ಮ ಮನೆಯದೇ ಒಂದು ಕತೆಯಿದೆ. ಹೋದ ಮಳೆಗಾಲದಲ್ಲಿ ಕಟ್ಟಿಕೊಂಡ ಚರಂಡಿ ಬಿಡಿಸಲು ಬಂದಾತ ನೀರು ಕೇಳಿದ. ಒಳಗೆ ಹೋದ ನಾನು, ಸಾಲಾಗಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳನ್ನು ಬಿಟ್ಟು, ಹಿತ್ತಲಿನ ಪ್ಲಾಸ್ಟಿಕ್ ಲೋಟ ಹುಡುಕಿ ತಂದು ಕಾಂಪೌಂಡಿನ ಮೇಲಿಟ್ಟೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಕೈ ತಾನಾಗಿ ಹೋಗಿತ್ತು. ಆತ ಎತ್ತಿ ಕುಡಿದ, ನಲ್ಲಿಯಲ್ಲಿ ತೊಳೆದ, ಅಲ್ಲೇ ಬೋರಲು ಹಾಕಿ ಹೋದ. ಲೋಟ ಇನ್ನೂ ಅಲ್ಲೇ ಇದೆ.