ಕಳೆದುಕೊಳ್ಳುವ ಹಕ್ಕು ಯಾರ ಲಾಭಕ್ಕೆ?

ಷೇರುಪೇಟೆಯ ಸಟ್ಟಾ ವ್ಯಾಪಾರಕ್ಕೆ ಸರಕಾರ ತುಸು ಕಡಿವಾಣ ಹಾಕಿದೊಡನೆ ದಲಾಲರಿಗೆ ಬಡವರ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟುತ್ತದೆ. ಸಣ್ಣ ಹೂಡಿಕೆದಾರನ ಸ್ವಾತಂತ್ರ್ಯ ಹೋಯಿತು, ಉಳ್ಳವರಿಗೆ ಮಾತ್ರ ಬಾಗಿಲು ತೆರೆಯಿತು ಎಂದು ಅವರು ಗೋಳಿಡುತ್ತಾರೆ. ಈ ಕೂಗಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಒಪ್ಪಿ, ಉಳಿದರ್ಧವನ್ನು ಬಯಲಿಗೆಳೆಯುವುದು ಅವಶ್ಯ.

ಇದು ಮುಂಬಯಿಯವರ ಮಾತು, ನಮಗೇಕೆ ಎಂದು ಯಾರೂ ತಿಳಿಯಬಾರದು. ಇರಕಲ್ಲಗಡ ಹೋಬಳಿಯಂಥ ಒಣಬೇಸಾಯದ ಸೀಮೆಯಲ್ಲಿ ಕಡಲೆ ಮಾರಿದ ದುಡ್ಡನ್ನು ಪಣಕ್ಕೊಡ್ಡಲು ಇಂದು ರೈಲು ಹತ್ತಬೇಕಾಗಿಲ್ಲ; ಕಟ್ಟೆಯ ಮೇಲೆ ಕೂತ ಹುಡುಗನ ಕೈಯಲ್ಲಿರುವ ಫೋನೇ ಸಾಕು. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕ ನೋಡಿರಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡುವ ವ್ಯಕ್ತಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ದೇಶದ 30 ದೊಡ್ಡ ನಗರಗಳ ಹೊರಗಿನವರು. ನೂರಕ್ಕೆ 75 ಮಂದಿಯ ವರಮಾನ ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ. 2021-22ರಿಂದ ಮೂರು ವರ್ಷಗಳಲ್ಲಿ ಆಡಿದ ಒಂದು ಕೋಟಿಗೂ ಮಿಕ್ಕಿದ ಜನರಲ್ಲಿ ನೂರಕ್ಕೆ 93 ಮಂದಿ ಸೋತರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ಆ ಹಣ ಆವಿಯಾಗಿ ಹೋಗಲಿಲ್ಲ. 2023-24ರ ಒಂದೇ ವರ್ಷದಲ್ಲಿ, ಖರ್ಚು ಕಳೆಯುವ ಮೊದಲು, ಸ್ವಂತ ಲೆಕ್ಕದಲ್ಲಿ ಆಡುವ ಪೇಟೆಯ ಸಂಸ್ಥೆಗಳು 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರು 28 ಸಾವಿರ ಕೋಟಿ ಗಳಿಸಿದರು. ಬಹುಪಾಲು ಗಳಿಕೆ ಕಂಪ್ಯೂಟರುಗಳ ಮೂಲಕ ಆದದ್ದು. ಯಂತ್ರದ ಎದುರು ಹುಡುಗನನ್ನು ನಿಲ್ಲಿಸಿ ಇದನ್ನು ಸಮಾನ ಅವಕಾಶವೆನ್ನುವುದೆ?

ಈಗ ಅಮೇರಿಕದಲ್ಲಿರುವಂತೆ ಲಿವರೇಜ್ಡ್ ಫಂಡ್, ಇನ್ವರ್ಸ್ ಫಂಡುಗಳೂ ಬೇಕೆಂಬ ಮಾತು ಕೇಳಿಬರುತ್ತಿದೆ. ಮೊದಲನೆಯದು ಪೇಟೆಯ ದಿನದ ಏರಿಳಿತವನ್ನು ದುಪ್ಪಟ್ಟು ಮಾಡಿಕೊಡುತ್ತದೆ. ಎರಡನೆಯದು ಪೇಟೆ ಇಳಿದರೆ ಏರುತ್ತದೆ. ಕೇಳಲು ಚೆಂದ, ಲೆಕ್ಕ ಹಾಕಿ ನೋಡಿರಿ. ಪೇಟೆಯ ಸೂಚ್ಯಂಕ ಇಂದು 100ರಿಂದ 90ಕ್ಕೆ ಇಳಿದು, ನಾಳೆ ಮರಳಿ 100ಕ್ಕೆ ಬಂತೆನ್ನಿ. ದುಪ್ಪಟ್ಟು ಫಂಡಿನಲ್ಲಿ ಹಾಕಿದ 100 ರೂಪಾಯಿ ಮೊದಲ ದಿನ 80 ಆಗಿ, ಮರುದಿನ 97 ರೂಪಾಯಿ 78 ಪೈಸೆಗೆ ನಿಲ್ಲುತ್ತದೆ. ಇಳಿತಕ್ಕೆ ಕಟ್ಟುವ ಫಂಡಿನಲ್ಲಿ ಹಾಕಿದ 100 ರೂಪಾಯಿ 110 ಆಗಿ, ಮರುದಿನ ಅದೂ 97 ರೂಪಾಯಿ 78 ಪೈಸೆಗೇ ನಿಲ್ಲುತ್ತದೆ. ಪೇಟೆ ಇದ್ದಲ್ಲೇ ಇದೆ. ಏರಿಗೆ ಕಟ್ಟಿದವನೂ ಸೋತ, ಇಳಿತಕ್ಕೆ ಕಟ್ಟಿದವನೂ ಸೋತ. ಫಂಡು ನಡೆಸುವವನ ಶುಲ್ಕ ಬೇರೆ. ಇಂಥವು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಸಾಮಾನ್ಯ ಹೂಡಿಕೆದಾರರಿಗೆ ಹೊಂದುವಂಥವಲ್ಲವೆಂದು ಅಮೇರಿಕದ ದಲಾಲರ ಸ್ವಂತ ನಿಯಂತ್ರಣ ಸಂಸ್ಥೆಯೇ 2009ರಲ್ಲಿ ಎಚ್ಚರಿಸಿತು.

ಇನ್ನು ಕೂಗಿನಲ್ಲಿರುವ ಅರ್ಧ ಸತ್ಯ. ಸೆಬಿ ಕಟ್ಟಿದ ಬೇಲಿಯನ್ನು ಅಳೆದದ್ದು ಜೇಬಿನ ಗಾತ್ರದಿಂದ. 2024ರ ನವೆಂಬರಿನಿಂದ ಸೂಚ್ಯಂಕದ ಒಂದು ಕರಾರಿನ ಕನಿಷ್ಠ ಮೌಲ್ಯವನ್ನು 5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. 2025ರ ಏಪ್ರಿಲಿನಿಂದ ಇಳಿತಕ್ಕೂ ಒಂದಂಶ ಕಟ್ಟಬಲ್ಲ ಹೊಸ ಬಗೆಯ ಫಂಡುಗಳಿಗೆ ಅನುಮತಿ ಕೊಟ್ಟಿತು. ಪ್ರವೇಶಕ್ಕೆ ಕನಿಷ್ಠ 10 ಲಕ್ಷ ರೂಪಾಯಿ. ಹತ್ತು ಲಕ್ಷ ಇದ್ದವನಿಗೆ ಬುದ್ಧಿಯೂ ಇದೆಯೆಂದು ಯಾರು ಹೇಳಿದರು? ಹೊಲ ಮಾರಿದವನ ಕೈಯಲ್ಲೂ ಒಂದು ದಿನ ಹತ್ತು ಲಕ್ಷ ಇರುತ್ತದೆ. ಫಲವೂ ಕಣ್ಣೆದುರಿಗಿದೆ. ವರ್ಷದ ಕೊನೆಯ ಕೆಲವು ತಿಂಗಳಷ್ಟೆ ಹೊಸ ನಿಯಮ ಇತ್ತೆಂಬುದು ನಿಜವಾದರೂ, 2024-25ರಲ್ಲಿ ವ್ಯಕ್ತಿಗಳ ನಷ್ಟ ಸುಮಾರು 75 ಸಾವಿರ ಕೋಟಿಯಿಂದ 1.05 ಲಕ್ಷ ಕೋಟಿಗೆ ಏರಿತು. ಸೋತವರು ನೂರಕ್ಕೆ 91.

ಹಾಗಾದರೆ ಬೇಲಿಯೇ ಬೇಡವೆ? ಬೇಕು. ತಡೆ ಈ ದೇಶಕ್ಕೆ ಹೊಸದೇನಲ್ಲ. 1956ರ ಕಾಯಿದೆ ಷೇರುಗಳ ತೇಜಿ-ಮಂದಿ ಆಟವನ್ನು ನಿಷೇಧಿಸಿತ್ತು. 1995ರಲ್ಲಿ ಆ ನಿಷೇಧ ಹೋಯಿತು, 2000ದಲ್ಲಿ ಸೂಚ್ಯಂಕದ ಫ್ಯೂಚರ್ಸ್ ಬಂತು. ನಿಷೇಧವಿದ್ದಾಗಲೂ ಕದ್ದು ಆಡುವವರು ಇದ್ದರು, ಹೌದು. ಆದರೆ ಮನಸ್ಸಿದ್ದರೆ ಸರಕಾರಕ್ಕೆ ಬಾಗಿಲು ಹಾಕಲು ಬರುತ್ತದೆ. 2021ರಲ್ಲಿ, ಬೆಲೆ ಏರಿಕೆಯ ದಿನಗಳಲ್ಲಿ, ನಮ್ಮ ಕಡಲೆ, ಹೆಸರು ಸೇರಿ ಏಳು ಸರಕುಗಳ ವಾಯಿದೆ ವ್ಯಾಪಾರವನ್ನು ನಿಲ್ಲಿಸಲಾಯಿತು; ಒಂದು ವರ್ಷಕ್ಕೆಂದು ಬಂದ ತಡೆಯನ್ನು ಮತ್ತೆ ಮತ್ತೆ ಬೆಳೆಸಲಾಯಿತು. ಮುಂದಿನ ತಿಂಗಳ ದರ ತಿಳಿಯುವುದರಿಂದ ಒಕ್ಕಲಿಗನಿಗೆ ಅಷ್ಟಿಷ್ಟಾದರೂ ಉಪಯೋಗವಿತ್ತು. ಅದು ಮುಚ್ಚಿತು. ಯಾವ ಬೆಳೆಯೂ ಇಲ್ಲದ ಸೂಚ್ಯಂಕದ ಮೇಲಿನ ವಾರದ ಪಣ ಮಾತ್ರ ಉಳಿಯಿತು!

ನಾವು ಕೇಳುವುದಿಷ್ಟೆ. ಬೇಲಿಯನ್ನು ಕೊಳ್ಳುವವನ ಸುತ್ತ ಮಾತ್ರ ಕಟ್ಟದೆ ಮಾರುವವನ ಸುತ್ತಲೂ ಕಟ್ಟಿರಿ. ವಾರದ ಕರಾರು ನಿಲ್ಲಲಿ. ಗಿರಾಕಿಯ ವರಮಾನವನ್ನೂ ಹಿಂದಿನ ನಷ್ಟವನ್ನೂ ನೋಡದೆ ಆಡಿಸಿದ ದಲಾಲ ಆ ನಷ್ಟದಲ್ಲಿ ಪಾಲು ಹೊರಲಿ. ನೂರಕ್ಕೆ 91 ಮಂದಿ ಸೋಲುತ್ತಾರೆಂಬ ಸಾಲನ್ನು ಪ್ರತಿ ಖರೀದಿಯ ಮುಂಚೆ, ಅಚ್ಚ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ತೋರಿಸಲಿ. ದುಪ್ಪಟ್ಟು ಫಂಡುಗಳು ಬಡವನಿಗೂ ಬೇಡ, ಹತ್ತು ಲಕ್ಷದವನಿಗೂ ಬೇಡ.

ಓದಿದ ಹುಡುಗನಿಗೆ ಕೆಲಸ, ಕಡಲೆಗೆ ನ್ಯಾಯವಾದ ದರ ಕೇಳಿದಾಗ ಸುಮ್ಮನಿದ್ದವರು ಅವನಿಗೆ ಜೂಜಿನ ಹಕ್ಕು ಕೊಡಿಸಲು ಓಡಿ ಬರುತ್ತಿದ್ದಾರೆ. ಅವನು ಗೆಲ್ಲಲಿ, ಸೋಲಲಿ, ದಲಾಲಿ ಅವರಿಗೆ ಸಿಕ್ಕೇ ಸಿಗುತ್ತದೆ.