ಹೊಲದ ಮದ್ದು, ಆಸ್ಪತ್ರೆಯ ಮದ್ದು

ಮುಂಗಾರು ಹಿಡಿಯಿತೆಂದರೆ ಮುಂಬಯಿ, ದಿಲ್ಲಿಗಳಲ್ಲಿ ನೆಲೆಸಿದ ಮಲೆನಾಡಿನವರ ಮನೆಗೆ ಊರಿನಿಂದ ಬರುವ ಸುದ್ದಿಯಲ್ಲಿ ಔಷಧಿ ಹೊಡೆಯುವ ಮಾತೊಂದು ಇದ್ದೇ ಇರುತ್ತದೆ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೇ ತಕ್ಕ ಮದ್ದೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ತೋರಿಸಿಕೊಟ್ಟರು. ಶತಮಾನ ಕಳೆದರೂ ಆ ದ್ರಾವಣ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಆದರೆ ಅದಕ್ಕಿಂತ ಎಷ್ಟೋ ಹೆಚ್ಚಿನ ಜಾಣ್ಮೆಯಿಂದ ರೂಪಿಸಿದ ನವೀನ ಶಿಲೀಂಧ್ರನಾಶಕಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಸೋತುಹೋದವು. ಇದಕ್ಕೆ ಕಾರಣವನ್ನು ರೈತನಿಗಿಂತ ಹೆಚ್ಚಾಗಿ ನಗರವಾಸಿಯೇ ಅರಿಯಬೇಕಾದ ಕಾಲ ಬಂದಿದೆ.

ತಾಮ್ರವು ರೋಗಾಣುವಿನ ಜೀವಕೋಶದ ಹತ್ತಾರು ಮರ್ಮಗಳನ್ನು ಒಮ್ಮೆಗೇ ಹಿಡಿಯುತ್ತದೆ. ನವೀನ ಔಷಧದ ಗುರಿಯಾದರೋ ಒಂದೇ. ಅಮೆರಿಕದಲ್ಲಿ 1968ರಲ್ಲಿ ಬಳಕೆಗೆ ಬಂದ ಬೆನೊಮಿಲ್, ಶಿಲೀಂಧ್ರದ ಕೋಶವಿಭಜನೆಗೆ ಬೇಕಾದ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಆ ಕಾರ್ಯವನ್ನು ತಡೆಯುತ್ತಿತ್ತು. ಮರುವರ್ಷವೇ ಸೌತೆಯ ಜಾತಿಯ ಬಳ್ಳಿಗಳ ಬೂದಿರೋಗ ಅದಕ್ಕೆ ಬಗ್ಗದಾಯಿತು. ಹೀಗೆ ನಿರೋಧ ತಳೆದ ಹಲವು ಶಿಲೀಂಧ್ರಗಳನ್ನು ಪರೀಕ್ಷಿಸಿದಾಗ, ಆ ಪ್ರೋಟೀನಿನ 198ನೆಯ ಸ್ಥಾನದಲ್ಲಿದ್ದ ಒಂದು ಅಮೈನೋ ಆಮ್ಲ ಬದಲಾಗಿರುವುದು ಕಂಡುಬಂದಿತು.

ಸ್ಟ್ರೋಬಿಲುರಿನ್ ವರ್ಗದ ಕಥೆ ಇನ್ನೂ ಸ್ವಾರಸ್ಯವಾದುದು. ಇದರ ಮೂಲದ್ರವ್ಯವನ್ನು ಜರ್ಮನಿಯ ವಿಜ್ಞಾನಿಗಳು 1977ರಲ್ಲಿ ಪೈನ್ ಮರದ ಕಾಯಿಗಳ ಮೇಲೆ ಬೆಳೆಯುವ ಪುಟ್ಟ ಅಣಬೆಯೊಂದರಿಂದ ಬೇರ್ಪಡಿಸಿದರು. ಅಣಬೆಯೇ ತನ್ನ ಪ್ರತಿಸ್ಪರ್ಧಿಗಳ ಉಸಿರು ಕಟ್ಟಿಸಲು ಮಾಡಿಕೊಂಡ ವಿಷವಿದು! ಈ ವರ್ಗದ ಔಷಧಗಳು 1996ರಲ್ಲಿ ಮಾರುಕಟ್ಟೆಗೆ ಬಂದವು. 1998ರಲ್ಲಿ ಉತ್ತರ ಜರ್ಮನಿಯ ಗೋದಿಯ ಬೂದಿರೋಗ ಅವುಗಳನ್ನು ಲೆಕ್ಕಿಸದಾಯಿತು. ಸೈಟೋಕ್ರೋಮ್ ಬಿ ಎಂಬ ಪ್ರೋಟೀನಿನ 143ನೆಯ ಸ್ಥಾನದಲ್ಲಿ ಗ್ಲೈಸಿನ್ ಹೋಗಿ ಅಲನಿನ್ ಬಂದಿತ್ತು. ವಂಶವಾಹಿಯ ಲಿಪಿಯಲ್ಲಿ ಇದು ಒಂದೇ ಅಕ್ಷರದ ತಿದ್ದುಪಡಿ.

ಔಷಧವೇ ಈ ಉತ್ಪರಿವರ್ತನೆಯನ್ನು ಹುಟ್ಟಿಸುತ್ತದೆಂಬ ನಂಬಿಕೆ ಜನರಲ್ಲಿದೆ, ಅದು ಸರಿಯಲ್ಲ. ರೋಗ ತಗುಲಿದ ಒಂದು ಹೊಲದಲ್ಲಿ ಬೀಜಾಣುಗಳ ಸಂಖ್ಯೆ ಎಣಿಕೆಗೆ ಸಿಗದು. ಅಷ್ಟು ಬಾರಿ ಲಿಪಿಯನ್ನು ನಕಲು ಮಾಡುವಾಗ ಎಲ್ಲೋ ಒಂದೆಡೆ ಅಕ್ಷರ ತಪ್ಪುವುದು ಸಹಜ. ಔಷಧ ಮಾಡುವುದು ಆಯ್ಕೆಯ ಕೆಲಸವನ್ನು ಮಾತ್ರ: ಉಳಿದೆಲ್ಲವನ್ನೂ ಕೊಂದು, ತಪ್ಪು ನಕಲಿನಿಂದ ಹುಟ್ಟಿದ ಆ ಒಂದಕ್ಕೆ ಹೊಲವನ್ನೇ ಬಿಟ್ಟುಕೊಡುತ್ತದೆ.

ಬೆಳೆ ಹೋದರೆ ರೈತನಿಗೆ ನಷ್ಟ, ಪೇಟೆಯಲ್ಲಿ ಬೆಲೆಯೇರಿಕೆ. ಇಷ್ಟಕ್ಕೇ ಮುಗಿದಿದ್ದರೆ ಆರೋಗ್ಯದ ಪುಟಗಳಲ್ಲಿ ಇದರ ಪ್ರಸ್ತಾಪ ಬೇಕಿರಲಿಲ್ಲ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟು ಕೊಳೆತ ಎಲೆ, ಗೊಬ್ಬರದ ರಾಶಿಗಳಲ್ಲಿ ಬೆಳೆಯುವಂಥದು. ಅದರ ಬೀಜಾಣುಗಳನ್ನು ಎಲ್ಲರೂ ದಿನವೂ ಉಸಿರಾಡುತ್ತಾರೆ. ಆರೋಗ್ಯವಂತರಿಗೆ ಏನೂ ಆಗುವುದಿಲ್ಲ. ರಕ್ತದ ಕ್ಯಾನ್ಸರಿನಿಂದ ಬಳಲುವವರಿಗೆ, ಅಂಗಕಸಿ ಮಾಡಿಸಿಕೊಂಡವರಿಗೆ, ಕ್ಷಯದಿಂದ ಶ್ವಾಸಕೋಶ ಜರ್ಜರಿತವಾದವರಿಗೆ ಅದೇ ಬೂಷ್ಟು ಪ್ರಾಣಾಂತಕವಾಗಬಲ್ಲದು. ಆಗ ವೈದ್ಯರ ಕೈಯಲ್ಲಿರುವ ಮುಖ್ಯ ಅಸ್ತ್ರ ಏಜೋಲ್ ವರ್ಗದ ಔಷಧ. ಹೊಲಗಳಿಗೆ ಹೇರಳವಾಗಿ ಸಿಂಪಡಿಸುವುದೂ ಅದೇ ವರ್ಗವನ್ನು.

ನೆದರ್ಲೆಂಡ್ಸ್‌ನ ವೈದ್ಯರು 2007ರಲ್ಲಿ ಏಜೋಲಿಗೆ ಬಗ್ಗದ ಬೂಷ್ಟಿನ ವರದಿಯಿತ್ತರು. ಏಜೋಲನ್ನೇ ಸೇವಿಸದ ರೋಗಿಗಳಲ್ಲಿಯೂ ಅದು ದೊರೆತದ್ದು, ದೋಷ ಹೊರಗಿನ ಪರಿಸರದಿಂದ ಬಂದಿರಬೇಕೆಂಬ ಶಂಕೆಗೆ ಎಡೆಮಾಡಿತು. ಸಿವೈಪಿ 51ಎ ಎಂಬ ವಂಶವಾಹಿಯ ಮುಂದಿನ 34 ಅಕ್ಷರಗಳ ತುಣುಕು ಎರಡೆರಡು ಬಾರಿ ಬಂದು, ಔಷಧ ತಡೆಯಬೇಕಾದ ಕಿಣ್ವ ಅಧಿಕ ಪ್ರಮಾಣದಲ್ಲಿ ತಯಾರಾಗುತ್ತಿತ್ತು. ಜೊತೆಗೆ ಕಿಣ್ವದ 98ನೆಯ ಸ್ಥಾನವೂ ಬದಲಾಗಿತ್ತು. ದಿಲ್ಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಸಂಶೋಧಕರು 2012ರಲ್ಲಿ ಇದೇ ಜೋಡಿ ಬದಲಾವಣೆಯನ್ನು ಭಾರತದಲ್ಲೂ ಕಂಡರು: ಭತ್ತದ ಗದ್ದೆಯ ಮಣ್ಣಿನಲ್ಲಿ, ಚಹಾ ತೋಟದಲ್ಲಿ, ಹೂಕುಂಡದಲ್ಲಿ, ಆಸ್ಪತ್ರೆಯೊಳಗಿನ ಗಾಳಿಯಲ್ಲಿ ಕೂಡ.

ಇದಕ್ಕೆ ರೈತನನ್ನು ಹಳಿಯುವುದು ಅನ್ಯಾಯ. ಫಸಲು ಕಣ್ಣೆದುರಿಗೇ ಬಾಡುವಾಗ ಅಂಗಡಿಯವನು ಕೊಟ್ಟದ್ದನ್ನು ಹೊಡೆಯದೆ ಅವನಿಗೆ ಗತ್ಯಂತರವಿಲ್ಲ. ತಪ್ಪಿರುವುದು ಹೊಲದ ಔಷಧಕ್ಕೆ ಪರವಾನಗಿ ಕೊಡುವ ಮೇಜಿಗೂ ಆಸ್ಪತ್ರೆಯ ಔಷಧವನ್ನು ಪರಿಶೀಲಿಸುವ ಮೇಜಿಗೂ ಮಾತುಕತೆಯಿಲ್ಲದ ವ್ಯವಸ್ಥೆಯಲ್ಲಿ. ಅಮೆರಿಕದಲ್ಲಿ 2022ರಲ್ಲಿ ಇಪ್‌ಫ್ಲುಫೆನೊಕ್ವಿನ್ ಎಂಬ ಬೆಳೆಯೌಷಧಕ್ಕೆ ಅನುಮತಿ ದೊರೆಯಿತು. ಏಜೋಲ್ ಸೋತ ರೋಗಿಗಳಿಗೆಂದು ಅದೇ ವೇಳೆಗೆ ಪ್ರಯೋಗದಲ್ಲಿದ್ದ ಒಲೊರೋಫಿಮ್‌ನ ಗುರಿಯೂ ಅದೇ ಕಿಣ್ವ! ರೋಗಿಯ ಬಾಯಿಗೆ ತಲುಪುವ ಮೊದಲೇ ಮದ್ದನ್ನು ಮೊಂಡಾಗಿಸುವ ಈ ದಾರಿಯನ್ನು ಭಾರತ ತುಳಿಯಬಾರದು. ಎರಡೂ ಇಲಾಖೆಗಳ ತಜ್ಞರು ಒಟ್ಟಿಗೆ ಕುಳಿತು ಸಮ್ಮತಿಸದ ಹೊರತು ಇಂತಹ ಔಷಧ ಹೊಲಕ್ಕೆ ಇಳಿಯಕೂಡದು.

ಊರಿನ ಜಮೀನಿಗೆ ಹಣ ಕಳಿಸುವ ನಗರದ ಅಣ್ಣತಮ್ಮಂದಿರಿಗೂ ಇಲ್ಲೊಂದು ಕೆಲಸವಿದೆ. ಡಬ್ಬಿಯ ಮೇಲಿನ ವ್ಯಾಪಾರನಾಮ ಬದಲಾದರೆ ಔಷಧವೂ ಬದಲಾಯಿತೆಂದು ತಿಳಿಯುವುದುಂಟು. ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕ ನಾಮವನ್ನು ಊರಿನವರಿಂದ ಓದಿಸಿ ಕೇಳಬೇಕು. ಹೆಕ್ಸಾಕೋನಜೋಲ್, ಪ್ರೋಪಿಕೋನಜೋಲ್, ಟೆಬುಕೋನಜೋಲ್ — ಹೆಸರಿನ ಕೊನೆ ಒಂದೇ ಆದರೆ ಮನೆತನವೂ ಒಂದೇ. ಆಸ್ಪತ್ರೆಯ ಚೀಟಿಯಲ್ಲಿ ಕಾಣುವ ಇಟ್ರಾಕೋನಜೋಲ್, ವೋರಿಕೋನಜೋಲ್‌ಗಳೂ ಆ ಮನೆತನದವೇ.