ದೆವ್ವವಾದವಳು ಅವಳೊಬ್ಬಳೇ ಏಕೆ?

ಗೆಳತಿಯರೇ, ದೆವ್ವದ ಕತೆ ಹೇಳಲು ಬಂದಳೆಂದು ನಗಬೇಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಹೇಳಿದವಳು ನಾನು. ಇಂಥ ಪುಸ್ತಕ ವಿದ್ಯಾರ್ಥಿನಿಯರ ಕೈಯಲ್ಲಿ ಕಂಡರೆ ಗದರುತ್ತಿದ್ದೆ. ಈಗ ತಂಗಿಯ ಮಗಳು ಬಿಟ್ಟುಹೋದ ಒಂದನ್ನು ನಿದ್ದೆ ಬಾರದ ರಾತ್ರಿ ಕೈಗೆತ್ತಿಕೊಂಡವಳು, ಇಡೀ ಸರಣಿಯನ್ನೇ ಓದಿ ಮುಗಿಸಿದೆ.

ಅಮೆರಿಕದ ಲೇಖಕಿ ರಿಚೆಲ್ ಮೀಡ್ ಅವರ ಆರು ಕಾದಂಬರಿಗಳು ಇವು. 2007ರಲ್ಲಿ ಬಂದ 'ಸಕ್ಯುಬಸ್ ಬ್ಲೂಸ್' ಮೊದಲನೆಯದು, 2011ರ 'ಸಕ್ಯುಬಸ್ ರಿವೀಲ್ಡ್' ಕೊನೆಯದು. ಸಕ್ಯುಬಸ್ ಎಂದರೆ ನಮ್ಮ ಮೋಹಿನಿಯ ಹಾಗೆಯೇ. ರಾತ್ರಿ ಗಂಡಸರ ಬಳಿ ಬಂದು ಅವರ ಸತ್ವ ಹೀರುವ ಹೆಣ್ಣು ದೆವ್ವ. ತಾನು ಕಂಡ ಕನಸಿನ ಹೊಣೆಯನ್ನು ಗಂಡಸು ಹೊತ್ತುಕೊಳ್ಳದೆ ಹೆಣ್ಣಿನ ಮೇಲೆ ಹೊರಿಸಿದ ಕತೆ ಇದೆಂದು ನನಗನ್ನಿಸುತ್ತದೆ. 1486-87ರ ಸುಮಾರಿಗೆ ಜರ್ಮನಿಯಲ್ಲಿ ಅಚ್ಚಾದ, ಮಾಟಗಾತಿಯರನ್ನು ಪತ್ತೆಹಚ್ಚಿ ಶಿಕ್ಷಿಸುವುದು ಹೇಗೆಂದು ತಿಳಿಸುವ ಒಂದು ಕುಖ್ಯಾತ ಗ್ರಂಥದಲ್ಲಿ ಈ ದೆವ್ವಗಳ ಚರ್ಚೆ ಗಂಭೀರವಾಗಿ ನಡೆದಿದೆ. ನಮ್ಮಲ್ಲೇನು ಕಡಿಮೆ? 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹೆಣ್ಣು ದೆವ್ವಕ್ಕೆ ಹೆದರಿಯೇ. ಕುಡಿದು ಬಂದು ಬಾಗಿಲು ಬಡಿಯುವ ಗಂಡನಿಗೆ ಹಾಗೆ ಬರೆಯುವಂತಿದ್ದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ಇರುತ್ತಿತ್ತು!

ಕಾದಂಬರಿಯ ನಾಯಕಿ ಜಾರ್ಜಿನಾ ಇಂದಿನ ಸಿಯಾಟಲ್ ನಗರದ ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೇಕಾದ ರೂಪ ತಾಳಬಲ್ಲಳು. ಆದರೆ ತಾನು ಪ್ರೀತಿಸುವ ಸೇತ್ ಎಂಬ ಲೇಖಕನೊಡನೆ ಬಾಳುವಂತಿಲ್ಲ, ಬಾಳಿದರೆ ಅವನ ಆಯುಸ್ಸು ಸವೆಯುತ್ತದೆ. ಮಲಗುವ ಕೋಣೆಯ ವರ್ಣನೆಗಳು ಬೇಕಾದಷ್ಟಿವೆ, ಆ ಪುಟಗಳನ್ನು ಮಗುಚಿ ಮುಂದೆ ಹೋದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಹಿಂದಿನ ಬದುಕು.

ಅವಳು ಮೊದಲು ಮನುಷ್ಯಳೇ. ಐದನೆಯ ಶತಮಾನದಲ್ಲಿ ಸೈಪ್ರಸ್ ದ್ವೀಪದಲ್ಲಿ ಹುಟ್ಟಿದ ಲೀಥಾ. ಪ್ರೀತಿಸುವ ಗಂಡನಿದ್ದೂ ಅವನ ಗೆಳೆಯನೊಡನೆ ಒಮ್ಮೆ ತಪ್ಪಿ ನಡೆದಳು. ವಿಷಯ ಬಯಲಾಯಿತು, ಗಂಡ ಸಾಯಲು ಹೊರಟ. ಆಗ ಅವಳು ತನ್ನ ಆತ್ಮವನ್ನು ನರಕದವರಿಗೆ ಬರೆದುಕೊಟ್ಟಳು. ಬದಲಿಗೆ ಕೇಳಿದ್ದು ಚಿನ್ನವಲ್ಲ, ಸಿಂಹಾಸನವಲ್ಲ. ತನ್ನನ್ನು ಬಲ್ಲವರೆಲ್ಲ ತನ್ನನ್ನು ಮರೆಯಬೇಕು, ಅಷ್ಟೇ. ಗ್ರೀಕ್ ಪುರಾಣದಲ್ಲಿ ಮರೆವಿನ ನದಿಯ ಹೆಸರು ಲೀಥಿ. ಲೇಖಕಿ ಸುಮ್ಮನೆ ಆ ಹೆಸರಿಟ್ಟಿಲ್ಲ.

ಇಲ್ಲಿ ನಾನು ಪುಸ್ತಕ ಮುಚ್ಚಿ ಕುಳಿತೆ. 'ನಾನು ಹುಟ್ಟೇ ಇರಲಿಲ್ಲ ಅಂದ್ಕೊಂಡು ಬಿಟ್ಟುಬಿಡಿ' ಎಂದು ತವರಿನವರ ಮುಂದೆ ಅತ್ತ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ತಪ್ಪು ಮಾಡಿದವಳೂ ಹಾಗೆನ್ನುತ್ತಾಳೆ, ಏನೂ ಮಾಡದೆ ಏಟು ತಿಂದವಳೂ ಹಾಗೇ ಅನ್ನುತ್ತಾಳೆ.

ಈ ಕತೆಯನ್ನು ನಮ್ಮ ಸಂಘದ ಸಭೆಯಲ್ಲಿ, ಉಳಿತಾಯದ ಲೆಕ್ಕ ಮುಗಿದ ಮೇಲೆ ಹೇಳಿದೆ. ಹಿಂದೆ ಕುಳಿತಿದ್ದ ಒಬ್ಬಾಕೆ ಕೇಳಿದಳು: "ಆ ಗೆಳೆಯ ಏನಾದ ಮೇಡಂ?" ನನ್ನ ಬಳಿ ಉತ್ತರವಿರಲಿಲ್ಲ. ಸಾವಿರದ ಐನೂರು ವರ್ಷ ದೆವ್ವವಾಗಿ ಅಲೆದವಳು ಲೀಥಾ ಒಬ್ಬಳೇ. ಎಂ.ಎ. ಓದಿದ ನನಗೆ ಹೊಳೆಯದ ಪ್ರಶ್ನೆ ಅದು. ಲೇಖಕಿ ಹೆಣ್ಣಾಗಿದ್ದರೂ ಅದನ್ನು ಗಟ್ಟಿಯಾಗಿ ಕೇಳಲಿಲ್ಲವಲ್ಲ ಎಂಬುದೇ ನನ್ನ ತಕರಾರು.

ಆದರೆ ಒಂದು ವಿಷಯದಲ್ಲಿ ಆಕೆಯನ್ನು ಮೆಚ್ಚಬೇಕು. ಮರೆವಿನಿಂದ ಲೀಥಾಳಿಗೆ ಬಿಡುಗಡೆ ಸಿಗುವುದಿಲ್ಲ. ಸೇತ್ ಅವಳ ಹಳೆಯ ಗಂಡನೇ, ಮತ್ತೆ ಹುಟ್ಟಿ ಬಂದವನು. ಹಿಂದಿನ ಜನ್ಮ ನೆನಪಾದಾಗ ಸಿಟ್ಟಿನಿಂದ ಕುದಿಯುತ್ತಾನೆ, ಆಮೇಲೆ ಎಲ್ಲ ತಿಳಿದೂ ಕ್ಷಮಿಸುತ್ತಾನೆ. ನರಕದಲ್ಲೇ ವಿಚಾರಣೆ ನಡೆಯುತ್ತದೆ. ಬರೆದುಕೊಟ್ಟ ಪತ್ರವನ್ನೇ ಹಿಡಿದು ವಾದ ಸಾಗಿ, ಒಪ್ಪಂದ ಮುರಿದವರು ನರಕದವರೇ ಎಂದು ತೀರ್ಮಾನವಾಗುತ್ತದೆ. ಅವಳು ಮತ್ತೆ ಮನುಷ್ಯಳಾಗುತ್ತಾಳೆ. ಸಾಲದ ಪತ್ರ ಓದದೆ ಹೆಬ್ಬೆಟ್ಟು ಒತ್ತಬೇಡಿ ಎಂದು ನಾವು ಬಡಿದುಕೊಳ್ಳುವುದೂ ಇದಕ್ಕೇ.

ಪತ್ರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಜೀವನಾಂಶ ಕೇಳಿದ ಕೂಡಲೇ 'ಅವಳ ನಡತೆ ಸರಿಯಿಲ್ಲ' ಎನ್ನುವ ಗಂಡಂದಿರನ್ನು ನೀವೂ ಕಂಡಿದ್ದೀರಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದದ್ದು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ವ್ಯಭಿಚಾರದಲ್ಲಿ ಬಾಳುತ್ತಿರುವ ಹೆಂಡತಿಗೆ ಜೀವನಾಂಶ ಇಲ್ಲ ಎನ್ನುತ್ತದೆ ಅದು. 'ಬಾಳುತ್ತಿರುವ' ಎಂಬ ಪದವನ್ನು ಗಮನಿಸಿ. ಎಂದೋ ಒಮ್ಮೆ ಎಡವಿದ್ದು ಇದಕ್ಕೆ ಸಾಲದು ಎಂದು ಹಲವು ಹೈಕೋರ್ಟುಗಳು ಹೇಳಿವೆ, ದೆಹಲಿ ಹೈಕೋರ್ಟು 2022ರಲ್ಲೂ ಹೇಳಿತು. ಆರೋಪ ಹೊರಿಸಿದ ಗಂಡನೇ ಅದನ್ನು ಸಾಬೀತು ಮಾಡಬೇಕು. ಕಾನೂನು ಒಂದು ತಪ್ಪಿಗೆ ಹೆಣ್ಣನ್ನು ದೆವ್ವ ಮಾಡುವುದಿಲ್ಲ. ಮಾಡುವವರು ನಮ್ಮ ಬೀದಿಯವರು, ಒಮ್ಮೊಮ್ಮೆ ನಾವೇ.

ಅಂದು ಸಭೆ ಮುಗಿದು ಚಾಪೆ ಮಡಚುವಾಗ ಅದೇ ಹೆಣ್ಣುಮಗಳು ಹತ್ತಿರ ಬಂದು, "ಅವಳ ಮೊದಲ್ನೇ ಹೆಸರು ಏನಂದ್ರಿ?" ಎಂದಳು.

"ಲೀಥಾ."

"ನಮ್ ಲತಾ ಇದ್ದಂಗೇ ಐತಲ್ಲ ಮೇಡಂ," ಎಂದು ಚಾಪೆಯ ಇನ್ನೊಂದು ತುದಿ ಹಿಡಿದುಕೊಂಡಳು.